ಹೊಟ್ಟಿನ ಕಣಜ

ಒಂದಾನೊಂದು ಕಾಲದಲ್ಲಿ, ಅಂದರೆ ಇನ್ನೂ ಬಾರದ, ಆದರೆ ಬರಲೆಂದು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿರುವ ಒಂದು ಕಾಲದಲ್ಲಿ, ತುಮಕೂರು ಎಂಬ ಪಟ್ಟಣವಿತ್ತು. ಆ ಪಟ್ಟಣದಲ್ಲಿ ಮಕ್ಕಳಿರುವ ಪ್ರತಿ ಮನೆಯ ತಲೆಬಾಗಿಲಿಗೂ ಒಂದು ಮೊರ ಇತ್ತು. ಬಿದಿರಿನ ಮೊರವಲ್ಲ, ಅಂಗೈಯಗಲದ ಬೂದುಬಣ್ಣದ ಬಿಲ್ಲೆ. ಮಾವಿನ ತೋರಣದ ಹಿಂದೆ ಅಂಟಿಸಿಬಿಟ್ಟರೆ ಮುಗಿಯಿತು. ಅದಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಮುನಿಸಿಲ್ಲ. ಲೋಕದಿಂದ ಆ ಮನೆಯ ಮಕ್ಕಳ ಕಡೆಗೆ ಹರಿದು ಬರುವ ಮಾತು, ಚಿತ್ರ, ಹಾಡು, ಸುದ್ದಿ ಎಲ್ಲವನ್ನೂ ಕೇರಿ ಕಾಳನ್ನು ಒಳಗೆ ಬಿಡುವುದು, ಹೊಟ್ಟನ್ನು ಆಚೆ ಹಾರಿಸುವುದು, ಇಷ್ಟೇ ಅದರ ಕೆಲಸ.

ಅದಕ್ಕೂ ಮೊದಲು ಬೇರೆ ಥರದ ಕಾವಲುಗಳಿದ್ದವು. ಬೇಡದ್ದು ಕಂಡಾಗ ಅವು 'ಇದನ್ನು ನೋಡುವಂತಿಲ್ಲ' ಎಂದು ಪರದೆಯ ಮೇಲೆ ಕೆಂಪಗೆ ಬರೆದು ಅಡ್ಡ ನಿಲ್ಲುತ್ತಿದ್ದವು. ನೋಡಬೇಡ ಅಂದರೆ ನೋಡದೆ ಬಿಡುವ ಮಕ್ಕಳು ಯಾವ ಊರಲ್ಲಿದ್ದಾರೆ? ಪಕ್ಕದ ಮನೆಯ ವೈಫೈಗೆ ಜೋತುಬಿದ್ದು, ಚಿಕ್ಕಪ್ಪನ ಫೋನು ಕದ್ದು, ಅಪ್ಪನ ಪಾಸ್‌ವರ್ಡನ್ನು ಅವನ ಬೆರಳು ನೋಡಿಯೇ ಕಲಿತು, ಆ ಕಾವಲನ್ನೆಲ್ಲ ದಾಟಿಬಿಡುತ್ತಿದ್ದರು. ಮೊರ ಹಾಗೆ ಅಡ್ಡ ನಿಲ್ಲುತ್ತಿರಲಿಲ್ಲ. ಅದು ಬದಲಿಸುತ್ತಿತ್ತು. ಕೆಟ್ಟದ್ದನ್ನು ತೆಗೆದ ಜಾಗದಲ್ಲಿ ಅಷ್ಟೇ ಅಳತೆಯ, ಅದೇ ದನಿಯ ಒಳ್ಳೆಯದನ್ನು ಕೂರಿಸುತ್ತಿತ್ತು. ಕರೆ ಬಂದರೆ ದನಿಯನ್ನೇ ಕೇರುತ್ತಿತ್ತು. ಗೋಡೆಯೇ ಕಾಣದಿದ್ದ ಮೇಲೆ ಮಕ್ಕಳು ಹಾರುವುದಾದರೂ ಏನನ್ನು?

ಯಾವುದು ಕಾಳು, ಯಾವುದು ಹೊಟ್ಟು ಎಂಬುದನ್ನು ಮೊರ ಕಲಿಯುತ್ತಿದ್ದುದು ಮನೆಯ ಹಿರಿಯರ ಬಾಯಿಂದ. ಅವರು ಆಡುವ ಮಾತನ್ನು ಕೇಳಿಸಿಕೊಂಡು, ಮಕ್ಕಳನ್ನು ಎಲ್ಲಿ ತಡೆಯುತ್ತಾರೆ, ತಡೆದು ಏನು ಹೇಳಿಕೊಡುತ್ತಾರೆ ಎಂದು ಗಮನಿಸಿ, ಲೋಕದ ಮಾತನ್ನು ಮನೆಯ ಮಾತಿಗೆ ಹೊಂದಿಸುತ್ತಿತ್ತು. ಹೀಗೆ ಎಲ್ಲರಿಗಿಂತ ಚೆನ್ನಾಗಿ ಅದಕ್ಕೆ ಕಲಿಸಿದವರು ಪುಟ್ಟಗೌರಜ್ಜಿ.

ಪುಟ್ಟಗೌರಜ್ಜಿ ಸರ್ವಮಂಗಳೆಯ ಅಜ್ಜಿ. ತಾಯಿಯಿಲ್ಲದ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕತೆಯಲ್ಲೇ ಬೆಳೆಸಿದವರು. ಏಳು ಕೆರೆ ಏಳು ಕೋಟೆ ದಾಟಿ ಯಾರೋ ಯಾರಿಗೋ ಏನನ್ನೋ ತಂದುಕೊಡುವ ಕತೆಗಳು. ತಂದುಕೊಟ್ಟ ಕೂಡಲೇ ಅಜ್ಜಿ ನಿಲ್ಲಿಸಿಬಿಡುತ್ತಿದ್ದರು. "ಆಮೇಲೆ ಏನಾಯ್ತಜ್ಜಿ?" ಅಂದರೆ, "ಆಮೇಲೆ ಏನೂ ಇಲ್ಲ ಕಣವ್ವಾ. ಒಪ್ಕಂಡಿದ್ದು ಆಯ್ತು, ಕತೆ ಆಯ್ತು" ಎನ್ನುತ್ತಿದ್ದರು. 'ದೇವರಿದಾನೆ' ಎಂಬುದೊಂದನ್ನು ಬಿಟ್ಟರೆ ಕತೆಯಾಚೆ ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ಬಿಡ್ತು ಅನ್ನು!" ಅಕ್ಕಿ ಖಾಲಿ ಅಂದರೆ, ಬಿಡ್ತು ಅನ್ನು, ಅಕ್ಕಿ ಹೆಚ್ಚಿದೆ ಅನ್ನಬೇಕು. ದೀಪ ಆರಿತು ಅಂದರೆ, ಬಿಡ್ತು ಅನ್ನು, ದೀಪ ಶಾಂತವಾಯ್ತು ಅನ್ನಬೇಕು. ಶಾಲೆಗೆ ಹೋಗ್ತೀನಿ ಅಂದರೆ ಬ್ಯಾಗು ಹಿಡಿದೆಳೆದು, "ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನು" ಎಂದು ಹೇಳಿಸಿಯೇ ಹೊಸಿಲು ದಾಟಿಸುತ್ತಿದ್ದರು. ಬರ್ತೀನಿ ಅನ್ನದೆ ಹೋದವರು ಬರುವುದಿಲ್ಲ ಎಂಬುದು ಅವರ ಲೆಕ್ಕ.

ಸರ್ವಮಂಗಳೆ ದೊಡ್ಡವಳಾಗಿ, ಹೆದ್ದಾರಿಯ ಪಕ್ಕ ಎದ್ದುನಿಂತ ಮೊರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಇಡೀ ಊರಿನ ಮೊರಗಳನ್ನು ನೋಡಿಕೊಳ್ಳುವ ಆ ದೊಡ್ಡ ಹಜಾರವನ್ನು ಕೆಲಸದವರು 'ಕಣ' ಅನ್ನುತ್ತಿದ್ದರು. ಮೊದಮೊದಲ ಮೊರಗಳು ಪೆದ್ದಾಗಿದ್ದವು. ತೆಗೆದ ಜಾಗದಲ್ಲಿ ಕೂರಿಸಿದ ಮಾತು ತೇಪೆಯ ಹಾಗೆ ಎದ್ದು ಕಂಡು ಮಕ್ಕಳು ನಗುತ್ತಿದ್ದರು. ಆಗ ಸರ್ವಮಂಗಳೆಯೇ ಹೇಳಿದ್ದು: "ಸರ್, ನಮ್ಮನೆ ಮೊರ ಒಂದ್ಸಲ ನೋಡಿ. ನಮ್ಮಜ್ಜಿ ಜೊತೆ ಇಡೀ ದಿನ ಇರುತ್ತೆ ಅದು." ನೋಡಿದರು. ಅಲ್ಲಿ ತೇಪೆಯೇ ಇರಲಿಲ್ಲ. ಪ್ರತಿಯೊಂದು ಅಶುಭದ ಪಕ್ಕದಲ್ಲೂ ಅದರ ಶುಭ ಸಿದ್ಧವಾಗಿ ನಿಂತಿತ್ತು. ಮೇಲಿನವರು ಅದನ್ನೇ ಊರಿಗೆಲ್ಲ ಹಂಚಿದರು. ಅದೇ ವರ್ಷ ಅಜ್ಜಿ ಶಿವನ ಪಾದ ಸೇರಿದರು. ಕಣದ ಗೋಡೆಯ ತುಂಬ ಮಿನುಗುವ ಹಸಿರು ಚುಕ್ಕಿಗಳನ್ನು ನೋಡುವಾಗ, ಒಂದೊಂದು ಮನೆಯ ಹೊಸಿಲಲ್ಲೂ ಅಜ್ಜಿ ಕಾಲು ಚಾಚಿ ಕೂತು ಮೊರ ಕೇರುತ್ತಿದ್ದಾರೆ ಎಂದೇ ಸರ್ವಮಂಗಳೆಗೆ ಅನಿಸುತ್ತಿತ್ತು. ಊಟದ ಬಿಡುವಿನಲ್ಲಿ ಆ ಕನಸಿಗೆ ಮುಖವೊಡ್ಡಿ ಕೂರುತ್ತಿದ್ದಳು, ಚಳಿಯಲ್ಲಿ ಎಳೆಬಿಸಿಲಿಗೆ ಕೂತ ಹಾಗೆ.

ಅವಳ ಮಗಳು ಇಂಚರ. ಆರನೇ ತರಗತಿ. ಇಂಚರಳ ಪಕ್ಕದಲ್ಲಿ, ಅದೇ ಬೆಂಚಿನಲ್ಲಿ, ಒಂದನೇ ತರಗತಿಯಿಂದಲೂ ಕೂರುತ್ತಿದ್ದವಳು ಮೇದಿನಿ. ಯುಗಾದಿಯಾದ ಮೇಲೆ ಮೇದಿನಿಗೆ ಜ್ವರ ಬಂತು, ಬಿಡಲಿಲ್ಲ. ಮೈಯ ಮೇಲೆ ನೀಲಿ ಕಲೆಗಳೆದ್ದವು. ರಕ್ತದ ಕಾಯಿಲೆ ಎಂದರು, ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಶಾಲೆಯ ಗೇಟಿನ ಬಳಿ ತಾಯಂದಿರು ಗುಂಪುಗೂಡಿ ನಿಂತು ಕಣ್ಣೊರೆಸಿಕೊಂಡರು. "ಮಕ್ಕಳ ಮುಂದೆ ಮಾತ್ರ ಇದೆಲ್ಲಾ ಬೇಡಪ್ಪಾ" ಎಂದುಕೊಂಡರು. ಮನೆಗೆ ಹೋಗಿ ಒಬ್ಬೊಬ್ಬರೂ ಒಂದೊಂದು ಹೇಳಿದರು. ಸರ್ವಮಂಗಳೆ ಹೇಳಿದ್ದು ಹೀಗೆ: "ಮೇದಿನಿನಾ? ಅವಳು ಅರಸೀಕೆರೆಗೆ ಹೋಗಿದಾಳೆ ಪುಟ್ಟಾ, ಅಜ್ಜಿ ಮನೆಗೆ."

ತೋರಣದ ಹಿಂದೆ ಮೊರ ಅದನ್ನೂ ಕೇಳಿಸಿಕೊಂಡಿತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಮೇದಿನಿ ಈ ಲೋಕದಲ್ಲೇ ಇರಲಿಲ್ಲ. ಟೀಚರೂ ಏನೂ ಹೇಳಲಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದರು. ಇಂಚರ ಮಾತ್ರ ಬೆಂಚಿನ ಆ ಅರ್ಧಕ್ಕೆ ಬ್ಯಾಗು ಇಟ್ಟು ಜಾಗ ಹಿಡಿಯುತ್ತಿದ್ದಳು. "ಅವಳು ಕೊನೇ ಮೆಸೇಜಲ್ಲಿ ಹೋಗಿ ಬರ್ತೀನಿ ಅಂದಿದಾಳೆ. ಬರ್ತಾಳೆ" ಎಂದು ಯಾರಾದರೂ ಕೂರಲು ಬಂದರೆ ಜಗಳ ತೆಗೆಯುತ್ತಿದ್ದಳು.

ಒಂದು ಸಂಜೆ ಅವಳು ಶಾಲೆಯಿಂದ ಬಂದವಳೇ ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸರ್ವಮಂಗಳೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು.

"ಅಮ್ಮಾ, ಒಬ್ಬಳೇ ಮೇದಿನಿ ಮೂರೂರಲ್ಲಿ ಹೆಂಗಿರ್ತಾಳೆ?"

"ಏನೇ ಹಂಗಂದ್ರೆ?"

"ನಮಗೆಲ್ಲಾ ಒಂದೇ ದಿನ ಒಂದೇ ಮೆಸೇಜ್ ಕಳಿಸಿದ್ಲು. ನಂಗೆ ಅರಸೀಕೆರೆ ಅಂತ ಬಂದಿದೆ. ಹರ್ಷಲಾಗೆ ಗೋವಾ ಅಂತ. ಆ ಬಿಂದುಶ್ರೀ ಹೇಳ್ತಾಳೆ, ಅಲ್ಲಾ ಅವಳು ಮದುವೆಮನೇಲಿದ್ಲು, ಜಿಲೇಬಿ ತಿಂದ್ಲಂತೆ! ಮೊದಲು ಎಲ್ರೂ ನಕ್ಕಿದ್ವಿ. ಆಮೇಲೆ..." ಇಂಚರ ಬ್ಯಾಗು ಕೆಳಗಿಟ್ಟಳು. "ಆಮೇಲೆ ಯಾರೂ ನಗ್ಲಿಲ್ಲ."

ಸಾಸಿವೆ ಸಿಡಿದು ಸುಮ್ಮನಾಯಿತು, ಕರಿಬೇವು ಹಾಕುವುದು ಮರೆತೇಹೋಯಿತು.

"ನೀನು ಕಣದಲ್ಲಿ ಕೆಲಸ ಮಾಡೋದು. ನಿಂಗೆ ಸಿಗುತ್ತೆ. ಅವಳು ನಿಜವಾಗಿ ಏನಂದ್ಲು, ಅದನ್ನ ತಂದುಕೊಡು."

"ಆಗ್ಲಿ, ನೋಡ್ತೀನಿ."

"ನೋಡ್ತೀನಿ ಅನ್ಬೇಡ. ಕತೇಲಿ ಬರ್ತಾರಲ್ಲ, ಹಂಗೆ ಒಪ್ಕೋ. ನನ್ನ ತಲೆ ಮೇಲೆ ಕೈಯಿಟ್ಟು."

ಎಣ್ಣೆ ಕೈಯನ್ನು ಸೀರೆಗೆ ಒರೆಸಿ ಸರ್ವಮಂಗಳೆ ಮಗಳ ತಲೆಯ ಮೇಲೆ ಇಟ್ಟಳು. "ತಂದುಕೊಡ್ತೀನಿ" ಅಂದಳು. ಅವಳ ಗಂಡ ಪಾವಗಡದ ಸೋಲಾರ್ ಬಯಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಫೋನಿನಲ್ಲಿ ಅವನಿಗೆ ಹೇಳಿದಾಗ, "ಏನೋ ಒಂದು ಹೇಳಿ ಮರೆಸು ಮಾರಾಯ್ತಿ. ಮಕ್ಕಳು ಮರೀತಾರೆ" ಅಂದ.

ಮೊರಗಳು ಹಾರಿಸಿದ್ದೆಲ್ಲ ಗಾಳಿಗೆ ಹೋಗುತ್ತಿರಲಿಲ್ಲ. ಕಣದ ನೆಲಮಾಳಿಗೆಯಲ್ಲಿ ಅದನ್ನೆಲ್ಲ ಕೂಡಿಡುತ್ತಿದ್ದರು, ಮುಂದೆ ಬರುವ ಮೊರಗಳಿಗೆ ಪಾಠ ಹೇಳಲು. ಅದಕ್ಕೆ ಹೊಟ್ಟಿನ ಕಣಜ ಎಂದು ಹೆಸರು. ಮೂರು ತಿಂಗಳಿಗೊಮ್ಮೆ, ತಿಂಗಳ ಕೊನೆಗೆ, ಹಳೆಯದನ್ನು ಅಳಿಸುತ್ತಿದ್ದರು. ಒಳಗೆ ಫೋನು, ಪೆನ್ನು, ಕಾಗದ ಒಯ್ಯುವಂತಿರಲಿಲ್ಲ. ಅಲ್ಲಿನ ಒಂದು ಅಕ್ಷರ ಹೊರಗೆ ಹೋದರೂ ಕೆಲಸ ಹೋಗುತ್ತಿತ್ತು. ಕಣಜ ನೋಡಿಕೊಳ್ಳುತ್ತಿದ್ದವಳು ಜಬೀನಾ. ಸರ್ವಮಂಗಳೆಯನ್ನು ಕಂಡು ಅವಳು ಟಿಫನ್ ಡಬ್ಬಿ ಮುಚ್ಚಿದಳು.

"ಮಂಗಳಕ್ಕ, ನೀವೇನ್ ಇಲ್ಲಿ? ಮೇಲೆ ಎಸಿ ಕೆಟ್ಟಿದೆಯಾ?"

"ಒಂದು ಮನೇದು ನೋಡ್ಬೇಕಿತ್ತು ಕಣೇ."

"ಯಾರ ಮನೇದು?"

"ನಮ್ಮನೇದೇ."

ಜಬೀನಾ ಅವಳ ಮುಖವನ್ನೇ ನೋಡಿದಳು. "ಬೇಡ ಅಕ್ಕಾ. ಸೇರಿದ ಹೊಸದರಲ್ಲಿ ನಾನೂ ಓದ್ತಿದ್ದೆ. ಆಮೇಲೆ ಊಟ ಸೇರ್ತಿರಲಿಲ್ಲ. ಈಗ ಬರೀ ಎಣಿಸ್ತೀನಿ. ಎಣಿಸಿದ್ರೆ ಏನೂ ಆಗಲ್ಲ." ಆದರೂ ಕುರ್ಚಿ ಬಿಟ್ಟು ಎದ್ದಳು.

ಪರದೆಯ ಮೇಲೆ ಮೂರು ಸಾಲು ಮೂಡಿದವು. ಬಂದದ್ದು, ಬಿಟ್ಟದ್ದು, ಮಗು ಕೊಟ್ಟ ಉತ್ತರ.

ಮೇದಿನಿ ಬರೆದಿದ್ದಳು: ಇಂಚು, ನಾನು ಆಸ್ಪತ್ರೇಲಿದೀನಿ. ತಲೆಕೂದಲೆಲ್ಲಾ ಉದುರಿಹೋಗ್ತಿದೆ. ಯಾರಿಗೂ ಹೇಳ್ಬೇಡ.

ಮೊರ ಬಿಟ್ಟದ್ದು: ಇಂಚು, ನಾನು ಅಜ್ಜಿ ಮನೇಲಿದೀನಿ. ಅಜ್ಜಿ ದಿನಾ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕ್ತಾರೆ. ಯಾರಿಗೂ ಹೇಳ್ಬೇಡ.

ಇಂಚರಳ ಉತ್ತರ: ಅಯ್ಯೋ ಎಣ್ಣೆಜಡೆ! ಫೋಟೋ ಕಳ್ಸೇ, ನಗ್ಬೇಕು ನಾನು.

ಮತ್ತೊಂದು ದಿನ ಮೇದಿನಿ: ರಾತ್ರಿ ಭಯ ಆಗುತ್ತೆ ಕಣೇ. ಒಂದೇ ಒಂದ್ಸಲ ಬಾ. ರೈಲಲ್ಲಿ ಬಂದ್ರೆ ಬೇಗ ಬರ್ಬಹುದು.

ಮೊರ: ಇಲ್ಲಿ ತುಂಬ ಮಜವಾಗಿದೆ ಕಣೇ. ನಿನ್ನೆ ರೈಲು ನೋಡಕ್ಕೆ ಹೋಗಿದ್ವಿ.

ಇಂಚರ: ನಿಂಗೇನಮ್ಮಾ, ರಾಣಿ! ಚೆನ್ನಾಗಿ ಮಜಾ ಮಾಡು.

ಮೊರ ಇಂಚರಳ ಉತ್ತರವನ್ನು ಮುಟ್ಟಿರಲಿಲ್ಲ. ಮುಟ್ಟಲು ಅದರಲ್ಲಿ ಅಶುಭವೇನಿತ್ತು? ಅದು ಇದ್ದ ಹಾಗೇ ಹೋಗಿ, ಬೋಳುತಲೆಯ ಹುಡುಗಿಯೊಬ್ಬಳ ಕೈಯಲ್ಲಿದ್ದ ಟ್ಯಾಬಿನಲ್ಲಿ ಬೆಳಗಿತ್ತು.

ಸರ್ವಮಂಗಳೆ ಕೊನೆಯವರೆಗೂ ಓದಿದಳು. ಎದ್ದು ಮೆಟ್ಟಿಲು ಹತ್ತಿ ನೇರ ನಾಗಭೂಷಣರ ಕೋಣೆಗೆ ಹೋದಳು. ಕಣದ ಯಜಮಾನಿಕೆ ಅವರದು. ಒಳ್ಳೆಯ ಮನುಷ್ಯ, ಮಾತಿಗೊಮ್ಮೆ ಅಮ್ಮಾ ಅನ್ನುವವರು.

"ಸರ್, ನಮ್ಮ ಮೊರ ಸುಳ್ಳು ಹೇಳ್ತಿದೆ."

"ಸುಳ್ಳಲ್ಲಮ್ಮಾ, ಶುಭ." ಅವರು ನಕ್ಕರು. ಅವಳು ಎಲ್ಲವನ್ನೂ ಹೇಳಿದಾಗ ನಗು ಇಳಿಯಿತು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಪಾಪ" ಅಂದರು. "ಆದ್ರೆ ಏನ್ ಮಾಡೋಣ ಹೇಳಿ. ಅಪರಿಚಿತರಿಂದ ಬರೋದಕ್ಕಿಂತ ಗೆಳೆಯರಿಂದ ಬರೋದೇ ಜಾಸ್ತಿ ಅಂತ ಅದನ್ನೂ ಕೇರೋ ಹಾಗೆ ಮಾಡಿದ್ದು ನಾವೇ. ಮೊರ ಆರಿಸೋ ಗುಂಡಿ ಪ್ರತಿ ಮನೇಲೂ ಇದೆ. ಯಾರಾದ್ರೂ ಒತ್ತಿದಾರಾ, ನೋಡಿ." ಪರದೆ ಅವಳ ಕಡೆ ತಿರುಗಿಸಿದರು. ಒಂದು ಸೊನ್ನೆ ಇತ್ತು. "ನೀವೂ ಒತ್ತಿಲ್ಲ."

ಅವಳು ಪರದೆಯನ್ನು ಮತ್ತೆ ಅವರ ಕಡೆಗೇ ತಿರುಗಿಸಿದಳು.

"ಇನ್ನೊಂದು ಹೇಳ್ಲಾ? ಆ ಮೇದಿನಿ ಅವರಪ್ಪ ಮೊನ್ನೆ ಫೋನ್ ಮಾಡಿದ್ರು. ನಾನು ಬಯ್ಯೋಕೆ ಅಂದ್ಕೊಂಡೆ. ಅವರಿಗೆ ಚಿಕ್ಕವನು ಒಬ್ಬ ಇದಾನಲ್ಲ, ಅಕ್ಕ ಎಲ್ಲಿ ಅಂತ ಹುಡುಕ್ತಾನಂತೆ. ಇನ್ನೂ ಸ್ವಲ್ಪ ಸಣ್ಣಗೆ ಕೇರೋ ಹಾಗೆ ಮಾಡಿಕೊಡಿ ಸರ್ ಅಂತ ಅತ್ತರು. ಮಾಡಿಕೊಟ್ಟೆ." ಕನ್ನಡಕ ಹಾಕಿಕೊಂಡರು. "ಯಾರನ್ನ ಬಯ್ಯೋಣಮ್ಮಾ?"

ಕಾಗದವಿಲ್ಲ, ಪೆನ್ನಿಲ್ಲ, ಆದರೆ ಸರ್ವಮಂಗಳೆಗೆ ಬಾಯಿಪಾಠ ಹೊಸದಲ್ಲ. ಅಜ್ಜಿಯ ಅಷ್ಟೂ ಕತೆ ಅವಳೊಳಗೆ ಇದ್ದದ್ದು ಹಾಗೆಯೇ. ಸಿಟಿ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಮೇದಿನಿಯ ಒಂದೊಂದೇ ಸಾಲನ್ನು ಹೇಳಿಕೊಂಡಳು. ಕ್ಯಾತ್ಸಂದ್ರ ಬಂತು, ತಟ್ಟೆ ಇಡ್ಲಿಯ ಹಬೆ ಬಂತು, ಜನ ಹತ್ತಿದರು ಇಳಿದರು. ಅವಳ ತುಟಿ ಆಡುತ್ತಲೇ ಇತ್ತು. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು, "ಯಾವ ಸ್ತೋತ್ರನವ್ವಾ?" ಎಂದು ಕೇಳಿದಳು.

ಊಟಕ್ಕೆ ಕೂತಾಗ ಇಂಚರ ತಟ್ಟೆ ಮುಟ್ಟಲಿಲ್ಲ. "ತಂದ್ಯಾ?"

"ಹೂಂ." ಸರ್ವಮಂಗಳೆ ಬಾಗಿಲ ಬಳಿ ಹೋಗಿ ತೋರಣ ಸರಿಸಿ ಬಿಲ್ಲೆಯನ್ನು ಕಿತ್ತಳು. ಗೋಡೆಯ ಸುಣ್ಣ ಅದರ ಜೊತೆಗೇ ಬಂತು. ಬಂದು ಕೂತು ಶುರುಮಾಡಿದಳು. "ಮೇದಿನಿ ಅಂದಿದ್ದು... ಇಂಚು, ನಾನು ಆಸ್ಪತ್ರೆಗೆ ಬಂದಿದೀನಿ, ಸ್ವಲ್ಪ ಹುಷಾರಿಲ್ಲ. ಇಲ್ಲಿ ಎಲ್ಲಾರೂ ಚೆನ್ನಾಗಿ ನೋಡ್ಕೋತಾರೆ. ನನಗೆ ಬೇಜಾರಾದಾಗ ನಿನ್ನನ್ನ ನೆನೆಸ್ಕೋತೀನಿ. ದೇವರಿದಾನೆ, ಎಲ್ಲಾ ಒಳ್ಳೇದಾಗುತ್ತೆ..."

ಅವಳು ಬೇಕೆಂದು ಬದಲಿಸಲಿಲ್ಲ. ಬಸ್ಸಿನಲ್ಲಿ ನೆಟ್ಟಗಿದ್ದ ಸಾಲುಗಳು ಮಗಳ ಕಣ್ಣು ಕಂಡ ಕೂಡಲೇ ನಾಲಿಗೆಯ ಮೇಲೆ ತಾವಾಗಿ ಹೊರಳಿದವು. 'ಭಯ' ಎಂದದ್ದು 'ಬೇಜಾರು' ಆಯಿತು. 'ಬಾ' ಎಂದದ್ದು 'ನೆನೆಸ್ಕೋತೀನಿ' ಆಯಿತು. ಬಿಲ್ಲೆ ಟೇಬಲ್ಲಿನ ಮೇಲೆ ಮಕಾಡೆ ಬಿದ್ದಿತ್ತು. ಕೇರುವ ಕೆಲಸ ನಡೆದೇ ಇತ್ತು.

ಇಂಚರ ಪೂರ್ತಿ ಕೇಳಿಸಿಕೊಂಡಳು. "ದೇವರಿದಾನೆ ಅಂತ ಮೇದಿನಿ ಯಾವತ್ತೂ ಅನ್ನಲ್ಲ" ಅಂದಳು. "ಅದು ನಿಮ್ಮಜ್ಜಿ ಮಾತು." ಸಾರು ಅನ್ನ ಕಲೆಸಿ ತಲೆ ತಗ್ಗಿಸಿ ತಿಂದಳು. ಸ್ವಲ್ಪ ಹೊತ್ತಾದ ಮೇಲೆ, "ಒಪ್ಕೊಂಡಿದ್ದು ಆಗ್ಲಿಲ್ಲ ಅಮ್ಮಾ" ಎಂದಷ್ಟೇ ಹೇಳಿದಳು.

ಮರುದಿನ ಸರ್ವಮಂಗಳೆ ಮತ್ತೆ ನೆಲಮಾಳಿಗೆಗೆ ಇಳಿದಳು. ಅದರ ಮರುದಿನವೂ. ಜಬೀನಾ ಈಗ ಏನೂ ಕೇಳುತ್ತಿರಲಿಲ್ಲ, ಕುರ್ಚಿಯೆಳೆದು ಕೊಡುತ್ತಿದ್ದಳು. ಮೇದಿನಿಯ ಸಾಲುಗಳನ್ನು ದನಿಯೆತ್ತಿ ಓದಿ, ಕಣ್ಣು ಮುಚ್ಚಿ ಹೇಳಿ, ತಪ್ಪಿದಲ್ಲಿ ಜಬೀನಾಳಿಂದ ತಿದ್ದಿಸಿಕೊಳ್ಳುತ್ತಿದ್ದಳು. "ಅಕ್ಕಾ, 'ನೋವು' ಬಿಟ್ರಿ." "ಅಕ್ಕಾ, ಅಲ್ಲಿ 'ಪರವಾಗಿಲ್ಲ' ಇಲ್ಲ. ಅದು ನಿಮ್ಮದು." ಹೀಗೆ ಹೇಳಿಕೊಡುತ್ತಲೇ ಒಂದು ಮಧ್ಯಾಹ್ನ ಜಬೀನಾ ತಡೆದು ನಿಂತು, "ನಮ್ಮನೇಲೂ ಮೂರು ಮಕ್ಕಳಿದಾವೆ" ಅಂದಳು. "ಇವತ್ತಿನವರೆಗೂ ಒಂದು ಮಗುನೂ ನನ್ನತ್ರ ಬಂದು ಭಯ ಅಂದಿಲ್ಲ. ಪುಣ್ಯ ಅಂದ್ಕೊಂಡಿದ್ದೆ." ಅಂದರೂ ಅವಳ ಮನೆಯ ಮೊರ ಅವಳ ಬಾಗಿಲಲ್ಲೇ ಇತ್ತು. ತಿಂಗಳ ಕೊನೆ ಬಂತು, ಕಣಜದ ಹಳೆಯ ಹೊಟ್ಟು ಅಳಿಯಿತು. ಮೇದಿನಿ ಆಡಿದ್ದು ಇನ್ನು ಸರ್ವಮಂಗಳೆಯ ಬಾಯಲ್ಲಿ ಬಿಟ್ಟು ಎಲ್ಲೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಇಂಚರ ಎಣ್ಣೆ ಬಟ್ಟಲು, ಬಾಚಣಿಗೆ, ಕೆಂಪು ರಿಬ್ಬನ್ನು ತಂದು ಅಮ್ಮನ ಮುಂದೆ ಬೆನ್ನು ಮಾಡಿ ಕೂತಳು. ಮುಖ ಕಾಣದಿದ್ದರೆ ಆದೀತು ಎಂದು ಸರ್ವಮಂಗಳೆಗೆ ಹೊಳೆದದ್ದು ಆಗ. ಬೈತಲೆ ತೆಗೆದಳು. ಕೂದಲನ್ನು ಮೂರು ಎಳೆ ಮಾಡಿದಳು.

"ಹೇಳ್ತೀನಿ. ತಿರುಗಬೇಡ."

ಇಂಚರ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು.

"ಇಂಚು, ನಾನು ಆಸ್ಪತ್ರೇಲಿದೀನಿ. ತಲೆಕೂದಲೆಲ್ಲಾ ಉದುರಿಹೋಗ್ತಿದೆ. ಯಾರಿಗೂ ಹೇಳ್ಬೇಡ."

ಎಳೆಯ ಮೇಲೆ ಎಳೆ ಬಿತ್ತು. ಇಂಚರ, "ಅದಕ್ಕೇ ನಾನು ಫೋಟೋ ಕಳ್ಸು ಅಂದೆ" ಎಂದಳು. "ನಗ್ಬೇಕು ಅಂದೆ."

"ರಾತ್ರಿ ಭಯ ಆಗುತ್ತೆ ಕಣೇ. ಒಂದೇ ಒಂದ್ಸಲ ಬಾ. ರೈಲಲ್ಲಿ ಬಂದ್ರೆ ಬೇಗ ಬರ್ಬಹುದು."

ಇಂಚರ ಎಣ್ಣೆಯ ಬಟ್ಟಲನ್ನು ಮಡಿಲಿಗೆ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದಳು.

"ಸೂಜಿ ಚುಚ್ಚೋ ಅಕ್ಕ ಬಂದ್ರೆ ನೀನು ಪಕ್ಕದಲ್ಲಿದೀಯ ಅಂದ್ಕೋತೀನಿ. ಆದ್ರೂ ನೋವಾಗುತ್ತೆ." ಸರ್ವಮಂಗಳೆಯ ಬೆರಳಿಂದ ಒಂದು ಎಳೆ ಜಾರಿತು. ಮತ್ತೆ ಹಿಡಿದಳು. "ಇಂಚು, ನಿಂಗೆ ನಾನಂದ್ರೆ ಇಷ್ಟ ಇಲ್ವಾ? ನಾನೇನ್ ಹೇಳಿದ್ರೂ ಯಾಕೆ ಹಿಂಗೆ ಬರೀತೀಯ?"

ಮೇದಿನಿ ಬರೆದ ದಿನ ಆ ಸಾಲು ಮೊರ ದಾಟಿ ಮನೆಗೆ ಬಂದದ್ದು 'ನಂಗೆ ನೀನಂದ್ರೆ ತುಂಬ ಇಷ್ಟ' ಎಂದು. ಅದಕ್ಕೆ ತಾನೇನು ಬರೆದಿದ್ದೆ ಎಂಬುದನ್ನು ಇಂಚರ ನೆನಪು ಮಾಡಿಕೊಳ್ಳುತ್ತಿರುವುದು ಅವಳ ಕತ್ತಿನಲ್ಲೇ ಗೊತ್ತಾಗುತ್ತಿತ್ತು. "ಗೊತ್ತು ಬಿಡೇ," ಅಂದಳು, ಯಾರದೋ ಮಾತನ್ನು ಓದುವ ಹಾಗೆ. "ಎಷ್ಟ್ ಸಲ ಹೇಳ್ತೀಯ."

ರಸ್ತೆಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ.

"ಅಮ್ಮಾ, ಅವಳು ಬರ್ತೀನಿ ಅಂದಿದಾಳಲ್ಲ?"

"ಇನ್ನೊಂದಿದೆ ಪುಟ್ಟಾ. ಕೊನೇದು."

ಇಂಚರ ಆಗ ತಿರುಗಿಬಿಟ್ಟಳು. ಅರ್ಧ ಹೆಣೆದ ಜಡೆ ಅಮ್ಮನ ಕೈಯಿಂದ ಬಿಚ್ಚಿಹೋಯಿತು. ಕಣ್ಣಲ್ಲಿ ನೀರಿರಲಿಲ್ಲ. ಕಣ್ಣೀರು ಯಾವಾಗ ಬರಬೇಕು ಎಂದು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅಮ್ಮನ ಬಾಯಿಗೆ ಕೈ ಅಡ್ಡ ತಂದಳು. "ಬಿಡ್ತು ಅನ್ನು" ಅಂದಳು. ದನಿ ಮಗುವಿನದು, ರಾಗ ಪುಟ್ಟಗೌರಜ್ಜಿಯದು. "ಬಿಡ್ತು ಅನ್ನಮ್ಮಾ. ಬೇಡ. ಬಿಡ್ತು ಅನ್ನು."

ಹುಟ್ಟಿದಾಗಿನಿಂದ ಕಲಿತ ಆ ಒಂದು ಮಾತು ಸರ್ವಮಂಗಳೆಯ ನಾಲಿಗೆಯ ತುದಿಗೆ ಬಂದು ನಿಂತಿತು. ಅಂದುಬಿಟ್ಟರೆ ಮಗಳು ನಾಳೆಯೂ ಬೆಂಚಿನ ಆ ಅರ್ಧಕ್ಕೆ ಬ್ಯಾಗು ಇಡುತ್ತಾಳೆ. ಬರ್ತಾಳೆ ಎಂದು ಕಾಯುತ್ತಾಳೆ. ಅವಳು ಬಾಯಿಯ ಮೇಲಿನ ಆ ಪುಟ್ಟ ಎಣ್ಣೆಕೈಯನ್ನು ಮೆಲ್ಲಗೆ ತೆಗೆದು, ಬಿಡದೆ ಹಿಡಿದುಕೊಂಡು, ಒಂದಕ್ಷರವೂ ಆಚೀಚೆ ಮಾಡದೆ ಹೇಳಿದಳು:

"ಇಂಚು, ನಾನು ಹೋಗ್ತೀನಿ. ಬರ್ತೀನಿ ಅಂತ ಅನ್ನಲ್ಲ, ಸುಳ್ಳಾಗುತ್ತೆ."

ಒಪ್ಪಿಕೊಂಡದ್ದು ಆಯಿತು.